ಕೇಸು ಗೆದ್ದ ಹರಿಣಾಕ್ಷಿ

ಕೇಸು ಗೆದ್ದ ದಿನ ಹರಿಣಾಕ್ಷಿಗೆ ಊಟ ಸೇರಲಿಲ್ಲ. ಗೆದ್ದವರು ಸಿಹಿ ಹಂಚುತ್ತಾರೆ, ಹತ್ತು ಜನಕ್ಕೆ ಫೋನು ಮಾಡುತ್ತಾರೆ. ಇವಳು ಎರ್ನಾಕುಲಂ ಕೋರ್ಟಿನ ಹತ್ತಿರದ ಹೋಟೆಲಿನಲ್ಲಿ ಅನ್ನ, ಮೀನು ಸಾರು ತರಿಸಿಕೊಂಡು, ಅನ್ನವನ್ನು ತಟ್ಟೆಯ ಆ ಬದಿಯಿಂದ ಈ ಬದಿಗೆ ತಳ್ಳುತ್ತಾ ಕುಳಿತಿದ್ದಳು. ಬಡಿಸುವವನು ಎರಡು ಸಲ ಬಂದು ನೋಡಿದ. ಮೂರನೆಯ ಸಲ ಬರಲಿಲ್ಲ.

ಹರಿಣಾಕ್ಷಿ ಕಾಸರಗೋಡಿನ ಬದಿಯಡ್ಕದ ಹುಡುಗಿ. ಹುಡುಗಿ ಎಂದದ್ದು ರೂಢಿಗೆ, ವಯಸ್ಸು ಮೂವತ್ತಾರು. ಶಾಲೆಯನ್ನು ಕನ್ನಡದಲ್ಲಿ ಮುಗಿಸಿ, ಮಲಯಾಳವನ್ನು ಬಸ್ಸಿನಲ್ಲಿ ಕಲಿತು, ಇಂಗ್ಲಿಷನ್ನು ಆಫೀಸಿನ ಹೆದರಿಕೆಯಲ್ಲಿ ಕಲಿತು, ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಗುಮಾಸ್ತೆಯಾಗಿ ಹನ್ನೊಂದು ವರ್ಷವಾಗಿತ್ತು. ಗಂಡ ಮನೋಜ್ ಬದಿಯಡ್ಕದ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಕನ್ನಡ ಮೇಷ್ಟ್ರಿಗೆ ಕೊಚ್ಚಿಯಲ್ಲಿ ಯಾರು ಕೆಲಸ ಕೊಡುತ್ತಾರೆ? ಬದಿಯಡ್ಕದಲ್ಲಿ ಹಡಗಿನ ಕಾಗದ ಪತ್ರ ನೋಡುವವರು ಯಾರಿಗೆ ಬೇಕು? ಹಾಗಾಗಿ ಅವರದು ವಾರಕ್ಕೆ ಎರಡು ದಿನದ ಸಂಸಾರ. ಶುಕ್ರವಾರ ಸಂಜೆಯ ಗಾಡಿ ಹಿಡಿದರೆ ಶನಿವಾರ ಪೂರ್ತಿ ಕೈಗೆ ಸಿಗುತ್ತದೆ, ತಪ್ಪಿದರೆ ಅದರಲ್ಲಿ ಅರ್ಧ ಹೋಯಿತು. ಇಷ್ಟು ಸಣ್ಣ ಲೆಕ್ಕದ ಮೇಲೆ ಒಬ್ಬ ಮನುಷ್ಯನ ಹೆಸರು ಹಾಳಾಯಿತೆಂದರೆ ನಂಬಲಿಕ್ಕೆ ಕಷ್ಟ. ಆದರೆ ನಡೆದದ್ದು ಹಾಗೆಯೇ.

ಕಂಪನಿಯ ಅಂಗಳದಲ್ಲಿ ಶೀತಲ ಕಂಟೈನರುಗಳು ನಿಲ್ಲುತ್ತಿದ್ದವು. ಒಳಗೆ ಸೀಗಡಿ. ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಇರಬೇಕು, ಕರೆಂಟು ಹೋದರೆ ಮಾಲು ಹೋಯಿತು. ನಾಲ್ಕು ಗಂಟೆಗೊಮ್ಮೆ ಯಾರಾದರೂ ಹೋಗಿ ಉಷ್ಣತೆ ನೋಡಿ, ಪುಸ್ತಕದಲ್ಲಿ ಬರೆದು, ಹೆಸರು ಹಾಕಬೇಕು. ಸಂಜೆ ಎಂಟರದ್ದು ಆಫೀಸಿನವರ ಸರದಿ. ಮೂರು ಶುಕ್ರವಾರಕ್ಕೊಮ್ಮೆ ಆ ಸರದಿ ಹರಿಣಾಕ್ಷಿಯದು, ಗಾಡಿ ಎಂಟು ಗಂಟೆಯವರೆಗೆ ಕಾಯುವುದಿಲ್ಲವಲ್ಲ.

ಅಂಗಳದ ಸೂಪರ್‌ವೈಸರ್ ರತ್ನಾಕರ. ಅವರೂ ಕಾಸರಗೋಡಿನವರೇ, ಕುಂಬಳೆ. ಹೆಂಡತಿ ತಿರುವನಂತಪುರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸದಲ್ಲಿದ್ದುದರಿಂದ ಸಂಸಾರ ಅಲ್ಲಿ, ಇವರು ಇಲ್ಲಿ ಲಾಡ್ಜಿನಲ್ಲಿ. ತಿರುವನಂತಪುರಕ್ಕೆ ಶನಿವಾರ ಬೆಳಗ್ಗೆ ಹೊರಟರೂ ಮಧ್ಯಾಹ್ನದ ಊಟಕ್ಕೆ ಮನೆ. ಮದುವೆಯಾದ ಹೊಸತರಲ್ಲಿ ಹರಿಣಾಕ್ಷಿ ಅವರ ಮುಂದೆ ಹೋಗಿ ನಿಂತು, "ರತ್ನಾಕರಣ್ಣ, ಇವತ್ತೊಂದು ದಿನ ಎಂಟು ಗಂಟೆದ್ದು ನೀವು ನೋಡಿ ನನ್ನ ಹೆಸರು ಹಾಕ್ತೀರಾ?" ಎಂದಿದ್ದಳು.

"ಹೋಗು ಮಾರಾಯ್ತಿ, ಗಾಡಿ ತಪ್ಪಿಸಿಕೊಳ್ಬೇಡ. ನಾನು ಹೇಗೂ ಇಲ್ಲೇ ಇರ್ತೇನೆ," ಎಂದಿದ್ದರು ಅವರು.

ಆ ಒಂದು ದಿನ ಆರು ವರ್ಷ ನಡೆಯಿತು. ಆಫೀಸಿನಲ್ಲಿ ಊರಿಗೆ ಹೋಗುವ ಇನ್ನಿಬ್ಬರು ಗುಮಾಸ್ತರೂ ಅದೇ ದಾರಿ ಹಿಡಿದರು. ಕೇಳುವುದೂ ನಿಂತುಹೋಯಿತು. ಶುಕ್ರವಾರ ನಾಲ್ಕೂವರೆಗೆ ಬ್ಯಾಗು ಹೆಗಲಿಗೇರಿಸಿ ಅಂಗಳ ದಾಟುವಾಗ ಕೈಯೆತ್ತಿದರೆ ಸಾಕು. ರತ್ನಾಕರ ಅಲ್ಲಿಂದಲೇ, "ಗಾಡಿ ಸಿಕ್ತದಲ್ವಾ?" ಎಂದು ಕೂಗುತ್ತಿದ್ದರು. ಒಂದು ಕಾಗದವಿಲ್ಲ, ಒಂದು ಮೆಸೇಜಿಲ್ಲ. ಊರವರ ನಡುವೆ ಅದೆಲ್ಲ ಯಾಕೆ? ಮಾತು ಸಾಕು ಎಂದು ನಂಬಿದ್ದು ರತ್ನಾಕರ ಮಾಡಿದ ತಪ್ಪು. ಅಂಥ ತಪ್ಪನ್ನು ಪರವೂರಿನಲ್ಲಿ ಊರವರನ್ನು ಕಂಡು ಕರಗುವ ನಮ್ಮಂಥವರು ಮಾತ್ರ ಮಾಡುತ್ತೇವೆ.

ಎರಡು ವರ್ಷದ ಹಿಂದಿನ ಒಂದು ಶುಕ್ರವಾರ ಅಂಗಳದ ಒಂದು ಪ್ಲಗ್ಗು ಕೆಟ್ಟು, ಒಂದು ಕಂಟೈನರು ಸೀಗಡಿ ಕರಗಿ ನೀರಾಯಿತು. ಕೆಟ್ಟದ್ದು ಒಂಬತ್ತು ಗಂಟೆಯ ನಂತರ. ಎಂಟು ಗಂಟೆಗೆ ರತ್ನಾಕರ ಹೋಗಿ ನೋಡಿ ಬರೆದದ್ದು ಸರಿಯಾಗಿಯೇ ಇತ್ತು. ಅಂಕಿ ಸರಿ, ಹೊತ್ತು ಸರಿ, ಹೆಸರು ಮಾತ್ರ ಹರಿಣಾಕ್ಷಿಯದು. ವಿಮೆಯವರು ಪುಸ್ತಕ ಕೇಳಿದರು. ಎಂಟು ಗಂಟೆಗೆ ರುಜು ಹಾಕಿದ ಹರಿಣಾಕ್ಷಿ ಆ ಹೊತ್ತಿಗೆ ತ್ರಿಶೂರು ದಾಟಿ ಮುಂದೆ ಹೋಗಿದ್ದಳೆಂದೂ ಅಕ್ಷರ ರತ್ನಾಕರರದೆಂದೂ ಅವರಿಗೆ ತಿಳಿಯಿತು.

ತಿರುವನಂತಪುರದ ಹೆಡ್ ಆಫೀಸಿನಿಂದ ಸಿಬ್ಬಂದಿ ವಿಭಾಗದ ಅಪೇಕ್ಷಾ ಫೋನು ಮಾಡಿದಳು. ಅವಳು ಬೆಂಗಳೂರಿನವಳು, ಹರಿಣಾಕ್ಷಿಗಿಂತ ಚಿಕ್ಕವಳು, ಮಾತು ಬೆಣ್ಣೆ.

"ನೋಡಿ ಹರಿಣಾಕ್ಷಿ, ಎರಡೇ ದಾರಿ ಇರೋದು. ನಿಮಗೆ ಗೊತ್ತಿದ್ದು ರತ್ನಾಕರ ಅವರು ನಿಮ್ಮ ಹೆಸರು ಹಾಕಿದ್ರೆ ನಿಮ್ಮಿಬ್ಬರ ಕೆಲಸಾನೂ ಹೋಗತ್ತೆ. ಗೊತ್ತಿಲ್ದೆ ಹಾಕಿದ್ರೆ ನೀವು ಅವರ ಮೇಲೆ ಕಂಪ್ಲೇಂಟ್ ಬರ್ದು ಕೊಡಿ. ಯಾವುದು ಅಂತ ನಾನು ಕೇಳ್ತಾ ಇಲ್ಲ. ನೀವೇ ಯೋಚನೆ ಮಾಡಿ."

ಹರಿಣಾಕ್ಷಿ ಯೋಚನೆ ಮಾಡಿದಳು. ಎಷ್ಟು ಹೊತ್ತು? ಒಂದು ಚಹಾ ಆರುವಷ್ಟು ಹೊತ್ತು. ಆಮೇಲೆ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆದಳು: ರತ್ನಾಕರ ನನ್ನ ಹೆಸರನ್ನು ನನ್ನ ಅರಿವಿಗೆ ಬಾರದಂತೆ ಹಾಕಿದ್ದಾರೆ. ಅರ್ಧ ಪುಟದಲ್ಲಿ ಸುಳ್ಳಾಗಿದ್ದದ್ದು 'ನನ್ನ ಅರಿವಿಗೆ ಬಾರದಂತೆ' ಎಂಬ ಮೂರು ಪದ. ಉಳಿದದ್ದೆಲ್ಲ ನಿಜ. ಆ ನಿಜ ಅಷ್ಟಿದ್ದುದರಿಂದಲೇ ಮೂರು ಪದ ನುಂಗಲಿಕ್ಕೆ ಸುಲಭವಾಯಿತು.

ರತ್ನಾಕರರನ್ನು ಕಂಪನಿ ತೆಗೆದುಹಾಕಿತು. ಕಾರಣದ ಜಾಗದಲ್ಲಿ ಫೋರ್ಜರಿ, ಅಂದರೆ ಕಳ್ಳ ರುಜು, ಎಂದು ಬರೆಯಿತು. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯ ಲೇಬರ್ ಕೋರ್ಟಿಗೆ ಹೋದರು. ಅಲ್ಲಿ ಹರಿಣಾಕ್ಷಿಯನ್ನು ಕಟಕಟೆಗೆ ಕರೆದರು, ಪ್ರಮಾಣ ಮಾಡಿಸಿದರು. ರತ್ನಾಕರರ ವಕೀಲರು ನೇರವಾಗಿಯೇ ಕೇಳಿದರು: ಹೆಸರು ಹಾಕಿ ಎಂದು ನೀವೇ ಹೇಳಿದ್ದಿರೋ ಇಲ್ಲವೋ?

"ಇಲ್ಲ."

ಇನ್ನಿಬ್ಬರೂ ಹಾಗೆಯೇ ಹೇಳಿ ಕೈತೊಳೆದುಕೊಂಡರು. ರತ್ನಾಕರ ಸೋತರು. ಸೋತವರು ಸುಮ್ಮನಿರಲಿಲ್ಲ, ಹರಿಣಾಕ್ಷಿಯ ಮೇಲೆ ಮಾನನಷ್ಟದ ಕೇಸು ಹಾಕಿದರು. ದೂರಿನಲ್ಲೂ ಕಟಕಟೆಯಲ್ಲೂ ಅವಳು ಹೇಳಿದ್ದು ಸುಳ್ಳು, ಅದು ಸುಳ್ಳೆಂದು ಕೋರ್ಟು ಬರೆದುಕೊಡಲಿ ಎಂಬುದೇ ಅವರ ಮುಖ್ಯ ಬೇಡಿಕೆ.

ನೋಟೀಸು ಬಂದಾಗ ಹರಿಣಾಕ್ಷಿಗೆ ಹೆದರಿಕೆಗಿಂತ ಮೊದಲು ಒಂದು ಬಗೆಯ ಸಮಾಧಾನವಾಯಿತು. ಮತ್ತೆ ಕಟಕಟೆಗೆ ಕರೆಯುತ್ತಾರೆ, ಮತ್ತೆ ಕೇಳುತ್ತಾರೆ, ಈ ಸಲ ಹೌದು ಎನ್ನುತ್ತೇನೆ ಎಂದು ಅವಳು ತೀರ್ಮಾನ ಮಾಡಿದಳು. ಕೇಳಿದರೆ ಹೇಳುವುದು, ಕೇಳದಿದ್ದರೆ ತಾನಾಗಿ ಹೇಳುವ ಧೈರ್ಯವಿಲ್ಲ. ತನ್ನ ನಾಚಿಕೆಯನ್ನು ತೊಳೆಯುವ ಕೆಲಸವನ್ನೂ ಎದುರಿನ ವಕೀಲರಿಗೇ ವಹಿಸಿಬಿಟ್ಟಿದ್ದಳು. ಎಂಥ ಅನುಕೂಲಸ್ಥೆ ನೋಡಿ.

ಕಂಪನಿ ಅವಳಿಗೆ ಕೊಟ್ಟ ವಕೀಲೆಯ ಹೆಸರು ಕಲ್ಯಾಣಿ. ಎರ್ನಾಕುಲಂನವರು, ಚುರುಕು, ಮಾತು ಕತ್ತರಿಸಿಟ್ಟ ಹಾಗೆ. ಹರಿಣಾಕ್ಷಿ ಅವರ ಎದುರು ಕುಳಿತು, "ಮೇಡಂ, ಆವತ್ತು ನಿಜವಾಗಿ ಏನಾಯಿತೆಂದರೆ..." ಎಂದು ಶುರು ಮಾಡಿದ್ದೇ ಅವರು ಕೈ ಅಡ್ಡ ಹಿಡಿದರು.

"ಬೇಡ. ಅದು ನನಗೆ ಬೇಡ," ಎಂದರು ಮಲಯಾಳದಲ್ಲಿ. "ನೀವು ಹೇಳಿದ್ದು ನಿಜ ಅಂತ ನಾನು ವಾದ ಮಾಡುವುದೇ ಇಲ್ಲ. ಕೋರ್ಟಿನಲ್ಲಿ ಸಾಕ್ಷಿ ಆಡಿದ ಮಾತಿಗೆ ಪೂರ್ಣ ರಕ್ಷಣೆ ಇದೆ. ನಿಜವಿರಲಿ, ಸುಳ್ಳಿರಲಿ, ಹಗೆಯಿಂದಲೇ ಹೇಳಿರಲಿ, ಮಾನನಷ್ಟದ ಕೇಸು ಅದರ ಮೇಲೆ ನಿಲ್ಲುವುದಿಲ್ಲ. ಆ ವಿಚಾರಣೆಗೆ ಬುಡವಾದ ದೂರಿಗೂ ಅದೇ ರಕ್ಷಣೆ ಸಲ್ಲುತ್ತದೆ ಅಂತ ವಾದ ಮಾಡುತ್ತೇನೆ."

"ಸುಳ್ಳಿದ್ದರೂ?"

"ಸುಳ್ಳಿದ್ದರೂ. ಇಲ್ಲದಿದ್ದರೆ ಧಣಿಯ ವಿರುದ್ಧ, ಮೇಲಧಿಕಾರಿಯ ವಿರುದ್ಧ ಯಾವ ಬಡಪಾಯಿ ಬಾಯಿ ತೆಗೆಯುತ್ತಾಳೆ ಹೇಳಿ? ನಾಳೆ ನನ್ನ ಮೇಲೇ ಕೇಸು ಬೀಳುತ್ತದೆ ಅಂತ ಸುಮ್ಮನಾಗುತ್ತಾಳೆ. ಅದಕ್ಕಾಗಿ ಇರುವ ಕಾನೂನು ಇದು. ಆದರೆ ಒಂದು ಮಾತು ಕೇಳಿ. ಹೊರಗೆ ಎಲ್ಲಿಯೂ ಈ ವಿಷಯ ಎತ್ತಬೇಡಿ. ನಾನು ಕಟಕಟೆಯಲ್ಲಿ ಹೇಳಿದ್ದು ಸುಳ್ಳು ಅಂತ ನೀವೇ ಎಲ್ಲಿಯಾದರೂ ಅಂದರೆ, ಅದು ಬೇರೆ ಕೇಸು. ಸುಳ್ಳು ಸಾಕ್ಷಿ. ಅದಕ್ಕೆ ಯಾವ ರಕ್ಷಣೆಯೂ ಇಲ್ಲ."

ಹರಿಣಾಕ್ಷಿ ದಡ್ಡಿಯಲ್ಲ, ಅವಳಿಗೆ ಅರ್ಥವಾಯಿತು. ಆಡಿದ ಸುಳ್ಳಿಗೆ ಕಾವಲಿದೆ, ಆಡಬೇಕಾದ ನಿಜಕ್ಕೆ ಇಲ್ಲ. ಕಾನೂನು ಒಳ್ಳೆಯದೇ. ಮೈಮೇಲೆ ಕೈಹಾಕಿದ ಮೇಲಧಿಕಾರಿಯ ಬಗ್ಗೆ ದೂರು ಕೊಡಲು ನಡುಗುವ ಹೆಣ್ಣುಮಗಳಿಗೆ, ಧಣಿಯ ಮೋಸ ಬಯಲಿಗೆಳೆಯುವ ಕೂಲಿಯವನಿಗೆ ಬಿಚ್ಚಿಟ್ಟ ಕೊಡೆ ಅದು. ಅದರಡಿಯಲ್ಲಿ ತಾನು ನುಗ್ಗಿ ನಿಂತಿದ್ದೇನೆ ಎಂಬುದು ಅವಳಿಗೆ ಚುಚ್ಚಿತು. ಚುಚ್ಚಿದರೂ ಹೊರಗೆ ಬರಲಿಲ್ಲ.

ತೀರ್ಪಿನ ದಿನ ಅವಳ ನಾಚಿಕೆಗೆ ಅಂತಲೇ ಶುಕ್ರವಾರ ಬಿತ್ತು. ನ್ಯಾಯಾಧೀಶರು ಹತ್ತು ನಿಮಿಷದಲ್ಲಿ ಮುಗಿಸಿದರು. ಈ ಮಾತುಗಳಿಗೆ ಪೂರ್ಣ ರಕ್ಷಣೆ ಇರುವುದರಿಂದ ಅವು ನಿಜವೋ ಸುಳ್ಳೋ ಎಂದು ನೋಡುವ ಪ್ರಮೇಯವೇ ಬರುವುದಿಲ್ಲ, ಕೇಸು ವಜಾ. ಮೊದಲಿನಿಂದ ಕೊನೆಯವರೆಗೂ ಯಾರನ್ನೂ ಕಟಕಟೆಗೆ ಕರೆಯಲಿಲ್ಲ. ಹೌದು ಎನ್ನಲು ನೋಟೀಸು ಬಂದಂದಿನಿಂದ ತಯಾರಾಗಿದ್ದ ಬಾಯಿ ಮುಚ್ಚಿಯೇ ಉಳಿಯಿತು. ಅವಳಿಗೆ ಅಳು ಬರುವಷ್ಟು ನಿರಾಸೆಯಾಯಿತು, ಅದರ ಹಿಂದೆಯೇ, ಕೆಲಸ ಉಳಿಯಿತು ಎಂಬ ಖುಷಿಯೂ ಬಂತು. ಆ ಖುಷಿಯನ್ನು ಅವಳು ತನ್ನೊಳಗೆ ಕಂಡಳು. ಕಂಡದ್ದನ್ನು ಮರೆಯಲು ಆಮೇಲೆ ಆಗಲಿಲ್ಲ.

ಹೊರಗೆ ಜಗಲಿಯಲ್ಲಿ ರತ್ನಾಕರ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅಂಗಿಗೆ ಇಸ್ತ್ರಿ ಇತ್ತು. ತಪ್ಪಿಸಿಕೊಂಡು ಹೋಗಲು ಬೇರೆ ಮೆಟ್ಟಿಲಿರಲಿಲ್ಲ. ಹರಿಣಾಕ್ಷಿ ತಲೆ ತಗ್ಗಿಸಿ ಪಕ್ಕದಿಂದ ಹಾದುಹೋಗುವಾಗ ಅವರು ಗಡಿಯಾರ ನೋಡಿದರು. ಬೈಯುತ್ತಾರೆ ಎಂದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು.

"ಶುಕ್ರವಾರ ಅಲ್ವಾ? ಗಾಡಿ ಸಿಕ್ತದಲ್ವಾ ನಿಂಗೆ?" ಎಂದರು ರತ್ನಾಕರ.

ಅದರಲ್ಲಿ ಕೊಂಕಿರಲಿಲ್ಲ. ಆರು ವರ್ಷದ ಅಭ್ಯಾಸ, ಬಾಯಿಗೆ ಬಂತು, ಆಡಿಬಿಟ್ಟರು. ಆಡಿದ ಮೇಲೆ ಅವರ ಮುಖವೂ ಸಣ್ಣಗಾಯಿತು. ಹರಿಣಾಕ್ಷಿ "ಹ್ಞೂಂ" ಎಂದು ಮೆಟ್ಟಿಲಿಳಿದಳು. ಊಟ ಸೇರದಿದ್ದದ್ದು ಅದಕ್ಕೆ.

ಗಾಡಿ ಸಿಕ್ಕಿತು. ಶನಿವಾರ ಮನೋಜನಿಗೆ ಎಲ್ಲವನ್ನೂ ಮೊದಲ ಸಲ ಹೇಳಿದಳು. ಅವನು, "ಗೆದ್ದಾಯ್ತಲ್ಲ, ಇನ್ನು ಬಿಡು. ಕೆದಕಿದ್ರೆ ಜೈಲು ಅಂತ ವಕೀಲರೇ ಹೇಳಿದ್ದಾರಲ್ವಾ?" ಎಂದ. ಭಾನುವಾರ ಊಟಕ್ಕೆ ಕುಳಿತಾಗ ಅವಳ ಮುಖ ನೋಡಲಿಲ್ಲ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡುವವನು ಹೆಂಡತಿಯ ಸುಳ್ಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ಅದನ್ನು ನೋಡುವುದು ಅವಳಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಮಂಗಳವಾರ ರಜೆ ಹಾಕಿ ಬೆಳಗಿನ ಗಾಡಿಯಲ್ಲಿ ತಿರುವನಂತಪುರಕ್ಕೆ ಹೋದಳು. ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು, ರತ್ನಾಕರರ ಮನೆಯಿದ್ದ ಶ್ರೀಕಾರ್ಯಂ ಕಡೆಯ ಬಸ್ಸು ಹತ್ತಿದಳು. ರತ್ನಾಕರ ಈಗ ತಂಪಾನೂರಿನ ಒಂದು ಲಾಡ್ಜಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದರು, ಹಗಲು ಮನೆಯಲ್ಲಿರುತ್ತಾರೆಂದು ಆಫೀಸಿನಲ್ಲಿ ಕೇಳಿ ಗೊತ್ತಿತ್ತು. ಫೋರ್ಜರಿ ಎಂಬ ಕಾಗದ ಕೈಯಲ್ಲಿರುವವನಿಗೆ ಬೇರೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಳು, ಜೋಡಿಸಿದ್ದು ಇಳಿಯಬೇಕಾದ ಎಂಜಿನಿಯರಿಂಗ್ ಕಾಲೇಜಿನ ಸ್ಟಾಪು ಬರುವಷ್ಟರಲ್ಲಿ ಚದುರಿಹೋಯಿತು.

ಬಾಗಿಲು ತೆಗೆದವರು ರತ್ನಾಕರ. ನಿದ್ದೆಗಣ್ಣು. ಒಳಗೆ ಕರೆದು ಕುರ್ಚಿ ತೋರಿಸಿದರು, ಫ್ಯಾನು ಹಾಕಿದರು. ಹರಿಣಾಕ್ಷಿ ಕುಳಿತುಕೊಳ್ಳಲಿಲ್ಲ.

"ರತ್ನಾಕರಣ್ಣ, ನಾನು ಹೇಳಿದ್ದು ಸುಳ್ಳು. ತಪ್ಪಾಯ್ತು," ಎಂದಳು. ಒಂದೇ ಉಸಿರಿಗೆ.

"ಅದು ನನಗೆ ಹೇಳ್ಲಿಕ್ಕೆ ಕೊಚ್ಚಿಯಿಂದ ಬಂದದ್ದಾ?" ಎಂದರು ಅವರು. ಸಿಟ್ಟಿರಲಿಲ್ಲ, ಆಯಾಸವಿತ್ತು. "ಸುಳ್ಳು ಅಂತ ನನಗೆ ಗೊತ್ತುಂಟಲ್ಲ ಹರಿಣಾಕ್ಷಿ. ನಿಂಗೂ ಗೊತ್ತುಂಟು. ಗೊತ್ತಿದ್ದವರೇ ಒಬ್ಬರಿಗೊಬ್ಬರು ಹೇಳಿ ಎಂತ ಪ್ರಯೋಜನ? ನಿಂಗೆ ಮನಸ್ಸು ಹಗುರ ಆಗ್ಬಹುದು. ಚಾಯ ಕುಡ್ದು ಹೋಗು."

ಅವರು ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದು ಕೇಳಿತು. ಅವರು ಹೇಳಿದ್ದು ಸರಿ. ಮೂರು ಪದ ಬರೆದು ಅವರ ಹೆಸರು ಕೆಡಿಸಿದವಳು, ಈಗ ಗುಟ್ಟಾಗಿ ಎರಡು ಮಾತು ಹೇಳಿ ತನ್ನ ನಿದ್ದೆ ಸರಿಮಾಡಿಕೊಳ್ಳಲು ಬಂದಿದ್ದಳು. ಚಹಾ ಬರುವ ಮೊದಲೇ ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಗೇಟಿನ ಹತ್ತಿರ ಹಿಂದಿನಿಂದ ಯಾರೋ ಓಡಿಬಂದರು. ರತ್ನಾಕರರ ಮಗಳು ನೇಹಾ, ಕಾಲೇಜಿನಲ್ಲಿ ಓದುವವಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಐಲ್ಯಾಂಡಿಗೆ ಬಂದಾಗ ಹರಿಣಾಕ್ಷಿಯೇ ಅವಳಿಗೆ ಬಾಳೆಹಣ್ಣು ಕರಿದ ಪಳಂಪೊರಿ ತೆಗೆಸಿಕೊಟ್ಟಿದ್ದಳು. ಕನ್ನಡ ಅವಳಿಗೆ ತಿಳಿಯುತ್ತದೆ, ಮಾತಾಡುವುದು ಮಲಯಾಳ, ಹರಿಣಾಕ್ಷಿ ಅವಳಿಗೆ ಚೇಚಿ, ಅಂದರೆ ಅಕ್ಕ.

"ಚೇಚಿ, ನಿಲ್ಲಿ," ಎಂದಳು. ಆಗಷ್ಟೇ ಸ್ನಾನ ಮುಗಿಸಿ ಬಂದವಳು, ಒಳಗೆ ನಡೆದದ್ದು ಅವಳಿಗೆ ಕೇಳಿಸಿರಲಿಲ್ಲ. "ನೀವು ಇಲ್ಲಿಯವರೆಗೆ ಬಂದಿರಿ. ಅಪ್ಪನಿಂದ ನಿಮಗೆ ಎಷ್ಟು ತೊಂದರೆಯಾಯಿತು ಅಂತ ನನಗೆ ಗೊತ್ತು. ನಿಮ್ಮ ರುಜು ಹಾಕಿ, ಆಮೇಲೆ ನಿಮ್ಮ ಮೇಲೆಯೇ ಕೇಸು ಹಾಕಿದರು. ನಾನು ಬೇಡ ಅಂತ ಹೇಳಿದ್ದೆ. ಅಪ್ಪನ ಪರವಾಗಿ ಕ್ಷಮೆ ಕೇಳುತ್ತೇನೆ ಚೇಚಿ."

ಇಪ್ಪತ್ತು ವರ್ಷದ ಹುಡುಗಿ ಕೈಮುಗಿದು ನಿಂತಿದ್ದಳು. ಸಾರಮಿಲ್ಲ ಮೋಳೇ, ಪರವಾಗಿಲ್ಲ ಮಗಳೇ ಎಂಬ ಮಾತು ಹರಿಣಾಕ್ಷಿಯ ನಾಲಿಗೆಯ ತುದಿಗೇ ಬಂತು. ಎಷ್ಟು ಸುಲಭದ ಮಾತು. ಅದನ್ನು ಹೇಳಿ, ಅವಳ ಕೆನ್ನೆ ಸವರಿ, ಬಸ್ಸು ಹತ್ತಬಹುದಿತ್ತು. ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಳಗಿನ ಮನುಷ್ಯನಿಗೆ ಸ್ವಂತ ಮಗಳ ಎದುರು ಎರಡು ವರ್ಷದಿಂದ ತಲೆಯೆತ್ತಲಾಗಿಲ್ಲ ಎಂಬುದು ಅವಳಿಗೆ ಆ ಕ್ಷಣದಲ್ಲಿ ತಿಳಿಯಿತು. ಕೋರ್ಟು, ಕಂಪನಿ ಎಲ್ಲ ಆಮೇಲಿನದು. ಹೆಸರು ಹೋದದ್ದು ಈ ಮನೆಯೊಳಗೆ.

"ನಿನ್ನ ಅಪ್ಪ ಕಳ್ಳ ರುಜು ಹಾಕಿದ್ದಲ್ಲ," ಎಂದಳು ಹರಿಣಾಕ್ಷಿ. "ನಾನೇ ಹೇಳಿ ಹಾಕಿಸಿದ್ದು. ಆರು ವರ್ಷ. ಗಾಡಿ ಹಿಡಿಯಲಿಕ್ಕೆ. ಗೊತ್ತೇ ಇರಲಿಲ್ಲ ಅಂತ ನಾನು ಬರ್ದದ್ದು ಸುಳ್ಳು."

ನೇಹಾ ಮುಗಿದ ಕೈ ಬಿಡಲು ಮರೆತಳು. "ಅಪ್ಪ ಇದನ್ನೇ ಹೇಳುತ್ತಿದ್ದರು," ಎಂದಳು ನಿಧಾನವಾಗಿ. "ನಾನು ನಂಬಲಿಲ್ಲ. ಸಿಕ್ಕಿಬಿದ್ದವರೆಲ್ಲ ಹಾಗೆಯೇ ಹೇಳುವುದು ಅಂತ ಅವರ ಮುಖಕ್ಕೇ ಹೇಳಿದೆ." ಆಮೇಲೆ ಅವಳ ದನಿ ಏರಿತು. "ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ?"

"ಮೊದಲ ಸಲ ಹೆದರಿದೆ. ಎರಡನೇ ಸಲ ಯಾರೂ ಕೇಳ್ಲೇ ಇಲ್ಲ."

"ಈಗ ಯಾರು ಕೇಳಿದರು?"

ಹೇಳಿದರೆ ಭಾರ ಇಳಿಯುತ್ತದೆ ಎನ್ನುತ್ತಾರೆ, ಅವಳಿಗೆ ಹಾಗೇನೂ ಆಗಲಿಲ್ಲ. ಮೊದಲು ಒಬ್ಬರ ಎದುರು ಇದ್ದ ನಾಚಿಕೆ ಈಗ ಇಬ್ಬರ ಎದುರಾಯಿತು, ಅಷ್ಟೇ. ಸದ್ದು ಕೇಳಿ ರತ್ನಾಕರ ಚಹಾದ ಲೋಟ ಹಿಡಿದುಕೊಂಡೇ ಗೇಟಿಗೆ ಬಂದರು.

"ನನಗೆ ಹೇಳಿದರೆ ಸಾಕಾಗುವುದಿಲ್ಲ," ಎಂದಳು ನೇಹಾ. "ಅಪ್ಪನನ್ನು ತೆಗೆದವರಿಗೆ ಹೇಳಿ. ಈಗ. ನಮ್ಮ ಎದುರು."

"ಬೇಡ ನೇಹಾ," ಎಂದರು ರತ್ನಾಕರ. "ಅವಳ ಕೆಲಸ ಹೋಗ್ತದೆ. ಕೇಸು ಬೀಳ್ತದೆ. ನೀನು ನಂಬಿದಿಯಲ್ಲ, ಸಾಕು."

ಇಷ್ಟಾದ ಮೇಲೂ ಆ ಮನುಷ್ಯ ಅವಳ ಕೆಲಸದ ಚಿಂತೆ ಮಾಡುತ್ತಿದ್ದರು. ಹರಿಣಾಕ್ಷಿಗೆ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು. ಅವಳು ಬ್ಯಾಗಿನಿಂದ ಫೋನು ತೆಗೆದಳು, ಅಪೇಕ್ಷಾಳ ನಂಬರು ಒತ್ತಿ, ಇಬ್ಬರಿಗೂ ಕೇಳುವಂತೆ ಸ್ಪೀಕರು ಹಾಕಿದಳು.

"ಹೇಳಿ ಹರಿಣಾಕ್ಷಿ! ಕೇಸ್ ಗೆದ್ದಿದ್ದಕ್ಕೆ ಪಾರ್ಟಿ ಯಾವಾಗ?"

"ಮೇಡಂ, ರತ್ನಾಕರಣ್ಣ ಪುಸ್ತಕದಲ್ಲಿ ನನ್ನ ಹೆಸರು ಹಾಕಿದ್ದು ನಾನು ಹೇಳಿಯೇ. ನಂಗೆ ಗೊತ್ತಿತ್ತು. ದೂರಿನಲ್ಲಿ ಬರ್ದದ್ದು ಸುಳ್ಳು, ಲೇಬರ್ ಕೋರ್ಟಿನಲ್ಲಿ ಹೇಳಿದ್ದೂ ಸುಳ್ಳು."

ಆ ಕಡೆ ಒಂದು ಬಾಗಿಲು ಮುಚ್ಚಿದ್ದು ಕೇಳಿತು. ಮತ್ತೆ ಬಂದಾಗ ಅಪೇಕ್ಷಾಳ ದನಿ ಇಳಿದಿತ್ತು, ಬೆಣ್ಣೆ ಮಾತ್ರ ಹಾಗೆಯೇ ಇತ್ತು.

"ಹರಿಣಾಕ್ಷಿ, ನೀವು ಟೆನ್ಷನ್‌ನಲ್ಲಿದ್ದೀರ. ಫೋನ್ ಇಟ್ಬಿಡಿ. ನೀವೇನೂ ಹೇಳಿಲ್ಲ, ನಾನೇನೂ ಕೇಳಿಸ್ಕೊಂಡಿಲ್ಲ. ಆಯ್ತಾ?"

ರತ್ನಾಕರ ನೆಲ ನೋಡುತ್ತಿದ್ದರು. ನೇಹಾ ಅಪ್ಪನನ್ನು ನೋಡುತ್ತಿದ್ದಳು.

"ಇಲ್ಲ ಮೇಡಂ, ಹೇಳಿದ್ದೇನೆ," ಎಂದಳು ಹರಿಣಾಕ್ಷಿ. "ಇಲ್ಲಿ ಇಬ್ಬರು ಕೇಳಿದ್ದಾರೆ."